ಮೂವತ್ತು ದಾಟಿದ ಮೇಲೆ ಗಿಟಾರ್ ಕಲಿಯೋರಿಗೆ: ಮೊದ್ಲು ಬಲಗೈ ನೋಡ್ಕೊಳ್ಳಿ

ಆಫೀಸಲ್ಲಿ, ನೆಂಟರ ಮನೇಲಿ, ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಹೀಗೆ ಎಲ್ಲಿ ಹೋದ್ರೂ ನನ್ನನ್ನ ಕೇಳೋ ಪ್ರಶ್ನೆ ಒಂದೇ, "ಈ ವಯಸ್ಸಲ್ಲಿ ಶುರು ಮಾಡಿದ್ರೆ ಗಿಟಾರ್ ಬರುತ್ತಾ?" ಬರುತ್ತೆ ಕಣ್ರೀ. ಸ್ಟೇಜ್ ಹತ್ತಿ ಸೋಲೋ ಹೊಡೀಬೇಕು ಅಂದ್ರೆ ಅದು ಬೇರೆ ಮಾತು, ಆದ್ರೆ ನಿಮಗಿಷ್ಟವಾದ ಹಾಡನ್ನ ನೀವೇ ನುಡಿಸ್ಕೊಂಡು ಹಾಡೋ ಅಷ್ಟು, ಸಂಜೆ ನಾಲ್ಕು ಜನ ಸೇರಿದಾಗ ಹಾಡೋರಿಗೆ ಜೊತೆ ಕೊಡೋ ಅಷ್ಟು, ದಿನಕ್ಕೆ ಅರ್ಧ ಗಂಟೆ ಎತ್ತಿಟ್ರೆ ವರ್ಷದೊಳಗೆ ಆರಾಮಾಗಿ ಬರುತ್ತೆ. ಇದು ಅಂಥವರಿಗೆ ಬರೆದಿರೋದು. ಟ್ರಿನಿಟಿ, ರಾಕ್‌ಸ್ಕೂಲ್ ಅಂತ ಗ್ರೇಡ್ ಎಕ್ಸಾಮ್ ಬರೆಯೋ ಪ್ಲ್ಯಾನ್ ಇದ್ರೆ ಅದಕ್ಕೆ ಸಿಲಬಸ್ ಇದೆ, ಒಬ್ಬ ಮೇಷ್ಟ್ರನ್ನ ಹುಡುಕ್ಕೊಳ್ಳಿ, ನನ್ನ ಮಾತು ಕೇಳ್ಬೇಡಿ.

ಶುರು ಮಾಡಿ ಬಿಟ್ಟೋರನ್ನ ನಾನು ತುಂಬ ನೋಡಿದೀನಿ, ಬಿಡೋದಕ್ಕೆ ಹೆಚ್ಚಾಗಿ ಎರಡೇ ಕಾರಣ. ಒಂದು, ತಗೊಂಡ ಗಿಟಾರೇ ಸರಿ ಇರಲ್ಲ, ತಂತಿ ಅಷ್ಟೆತ್ತರ ಇರುತ್ತೆ, ಒತ್ತಿ ಒತ್ತಿ ಬೆರಳು ನೋಯಿಸ್ಕೊಂಡು "ನನ್ ಕೈಲಿ ಆಗಲ್ಲಪ್ಪ" ಅಂತ ಮೂಲೆಗೆ ಇಡ್ತಾರೆ. ಎರಡನೇದು ಇನ್ನೂ ದೊಡ್ಡದು, ಎಲ್ಲರ ಕಣ್ಣೂ ಎಡಗೈ ಮೇಲೆ. ಕಾರ್ಡ್ (ಕೆಲವು ಸ್ವರ ಒಟ್ಟಿಗೆ ಬರೋ ಹಾಗೆ ತಂತಿಗಳನ್ನ ಒತ್ತೋ ರೀತಿ) ಹಿಡಿಯೋದೇ ಗಿಟಾರ್ ಅನ್ಕೊಂಡು ತಿಂಗಳುಗಟ್ಟಲೆ ಎಡಗೈ ಬೆರಳು ಜೋಡಿಸ್ತಾ ಕೂರ್ತಾರೆ, ಬಲಗೈ ಲಯವೇ ಕೂತಿರಲ್ಲ, ಹಾಗಾಗಿ ಹತ್ತು ಕಾರ್ಡ್ ಗೊತ್ತಿದ್ರೂ ಒಂದು ಹಾಡು ಪೂರ್ತಿ ಬರಲ್ಲ.

ಮೊದ್ಲು ಗಿಟಾರ್ ವಿಷ್ಯ ಮುಗಿಸ್ಬಿಡೋಣ

ಅಂಗಡಿಗೆ ಹೋದ್ರೆ ಎರಡು ಥರ ತೋರಿಸ್ತಾರೆ, ಸ್ಟೀಲ್ ತಂತಿಯ ಅಕೌಸ್ಟಿಕ್, ನೈಲಾನ್ ತಂತಿಯ ಕ್ಲಾಸಿಕಲ್. ಸಿನಿಮಾ ಹಾಡು, ಭಾವಗೀತೆ ಹಾಡ್ಕೊಂಡು ಸ್ಟ್ರಮ್ ಮಾಡೋಕೆ, ಅಂದ್ರೆ ತಂತಿಗಳನ್ನ ಒಟ್ಟಿಗೆ ಸವರಿ ನುಡಿಸೋಕೆ, ಅಕೌಸ್ಟಿಕ್ ತಗೊಳ್ಳಿ. ನೈಲಾನ್ ಬೆರಳಿಗೆ ಮೆತ್ತಗೆ ಇರುತ್ತೆ ನಿಜ, ಆದ್ರೆ ಅದರ ಕುತ್ತಿಗೆ ಅಗಲ, ನಟ್ (ತಲೆ ಬುಡದಲ್ಲಿ ತಂತಿ ಕೂರೋ ಪಟ್ಟಿ) ಹತ್ರ ಸುಮಾರು 52 ಮಿಲಿಮೀಟರ್, ಅಕೌಸ್ಟಿಕ್ಕಲ್ಲಿ 43ರ ಆಸುಪಾಸು, ಸಣ್ಣ ಕೈಯವರಿಗೆ ಆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ಇಲ್ಲಿ ಒಂದು ಎಚ್ಚರಿಕೆ. ಮನೇಲಿ ಅಣ್ಣಂದೋ ಮಾವಂದೋ ಹಳೇ ಕ್ಲಾಸಿಕಲ್ ಗಿಟಾರ್ ಬಿದ್ದಿರುತ್ತೆ, ಅದಕ್ಕೆ ಸ್ಟೀಲ್ ತಂತಿ ಹಾಕಿಸೋ ಐಡಿಯಾ ಯಾರಾದ್ರೂ ಕೊಟ್ಟೇ ಕೊಡ್ತಾರೆ, ದಯವಿಟ್ಟು ಬೇಡ. ಸ್ಟೀಲ್ ಸೆಟ್ಟಿನ ಒಟ್ಟು ಎಳೆತ ಸುಮಾರು 70 ಕೆಜಿ, ನೈಲಾನ್ ಸೆಟ್ಟಿಂದು 40ರ ಹತ್ರ, ಕ್ಲಾಸಿಕಲ್ ಬಾಡಿ ಮಾಡಿರೋದೇ ಆ 40ಕ್ಕೆ, ಸ್ವಲ್ಪ ದಿನದಲ್ಲೇ ಬಾಡಿ ಮೇಲೆ ತಂತಿ ಹಿಡಿದಿಡೋ ಬ್ರಿಡ್ಜ್ ಕಿತ್ತು ಮೇಲೆ ಬರುತ್ತೆ.

ಎಷ್ಟು ದುಡ್ಡು ಹಾಕ್ಬೇಕು? ನನ್ನ ಅಭಿಪ್ರಾಯ, ಎಂಟರಿಂದ ಹನ್ನೊಂದು ಸಾವಿರದ ಒಳಗೆ. ಯಮಹಾ ಎಫ್ 280, ಎಫ್ 310 ಥರದ್ದು ವರ್ಷಗಳಿಂದ ಓಡ್ತಿವೆ, ಬೋರು ಹೊಡೆಸೋ ಸಲಹೆ ಅನ್ನಿಸ್ಬಹುದು ಆದ್ರೆ ಅವು ನಂಬಿಕೆಗೆ ಯೋಗ್ಯ, ವಾಪಸ್ ಮಾರಿದ್ರೂ ಬೆಲೆ ಬರುತ್ತೆ. ಎರಡೂವರೆ ಸಾವಿರಕ್ಕೆ ಬ್ಯಾಗು, ಪಿಕ್ಕು, ಸ್ಟ್ರ್ಯಾಪು ಎಲ್ಲ ಸೇರಿಸಿ ಆನ್‌ಲೈನಲ್ಲಿ ಸಿಗೋ ಕಾಂಬೋಗಳ ಬಗ್ಗೆ ನನ್ಗೆ ಒಳ್ಳೇ ಮಾತು ಬರಲ್ಲ. ಅದೃಷ್ಟ ಇದ್ರೆ ಸರಿಯಾದ್ದು ಬರುತ್ತೆ, ಇಲ್ಲಾಂದ್ರೆ ಶ್ರುತಿ ನಿಲ್ಲದ ಒಂದು ಮರದ ಡಬ್ಬ. ಇನ್ನು ಗೊತ್ತಿರೋರ ಹತ್ರ ಸೆಕೆಂಡ್ ಹ್ಯಾಂಡ್ ಸಿಕ್ರೆ ಯೋಚನೆ ಮಾಡ್ಬೇಡಿ, ಬಿಟ್ಟೋರು ಊರು ತುಂಬ ಇದಾರೆ.

ಅಂಗಡಿಗೆ ಹೋಗೋವಾಗ ಒಂದು ಸ್ಕೇಲ್ ತಗೊಂಡು ಹೋಗಿ, ನಗ್ತಾರೆ, ನಗ್ಲಿ. ಕುತ್ತಿಗೆ ಮೇಲೆ ಅಡ್ಡಡ್ಡ ಇರೋ ಲೋಹದ ಪಟ್ಟಿಗಳೇ ಫ್ರೆಟ್, ತಲೆ ಕಡೆಯಿಂದ ಎಣಿಸಿ. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಗೂ ಫ್ರೆಟ್ಟಿನ ಲೋಹಕ್ಕೂ ನಡುವಿನ ಗ್ಯಾಪ್ ಅಳೀರಿ. ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ರೆ ಚೆನ್ನಾಗಿದೆ, ತೆಳು ತಂತಿಗೆ ಎರಡು ಸಾಕು, ಮೂರರ ಮೇಲೆ ಹೋದ್ರೆ ಹೊಸಬರ ಬೆರಳಿಗೆ ಶಿಕ್ಷೆ. ಇದನ್ನೇ ಆ್ಯಕ್ಷನ್ ಅನ್ನೋದು. ಮಕ್ಕಳ ಜಾಮಿಟ್ರಿ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲಲ್ಲಿ ಸೊನ್ನೆ ಅಂಚಿಂದ ಸ್ವಲ್ಪ ಒಳಗೆ ಶುರುವಾಗುತ್ತೆ ಅನ್ನೋದು ಮರೀಬೇಡಿ, ಅದಕ್ಕೇ ಅಂಚಿಂದಲೇ ಶುರುವಾಗೋ ಸ್ಟೀಲ್ ಸ್ಕೇಲ್ ಆದ್ರೆ ಸರಿ. ಆಮೇಲೆ ಒಂದೊಂದೇ ತಂತೀನ ಮೊದಲನೇ ಫ್ರೆಟ್ಟಿಂದ ಕೊನೇವರೆಗೂ ಒತ್ತಿ ಮೀಟ್ತಾ ಹೋಗಿ, ಎಲ್ಲಾದ್ರೂ ಜುಯ್ಯ್ ಅಂತ ಸದ್ದು ಬಂದ್ರೆ ಅಥವಾ ಎರಡು ಫ್ರೆಟ್ಟಲ್ಲಿ ಒಂದೇ ಸ್ವರ ಬಂದ್ರೆ ಆ ಪೀಸ್ ಬೇಡ, ಅದೇ ಮಾಡೆಲ್ಲಿನ ಇನ್ನೊಂದು ಕೇಳಿ. ಮನೇಲಿರೋ ಗಿಟಾರಿನ ಆ್ಯಕ್ಷನ್ ಜಾಸ್ತಿ ಇದ್ರೆ ರಿಪೇರಿಯವರ ಹತ್ರ ಸೆಟಪ್ ಮಾಡಿಸಿ, ಬ್ರಿಡ್ಜ್ ಮೇಲಿನ ಬಿಳಿ ಪಟ್ಟಿ (ಸ್ಯಾಡಲ್) ತೇಯ್ದು ಕುತ್ತಿಗೆಯೊಳಗಿನ ರಾಡ್ ಸರಿ ಮಾಡಿ ಕೊಡ್ತಾರೆ, ಊರಿಂದ ಊರಿಗೆ ರೇಟು ಬೇರೆ ಆದ್ರೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಜೊತೆಗೆ ತೆಳುವಾದ ತಂತಿ ಹಾಕ್ಸಿ, 10ರ ಸೆಟ್ ಅಥವಾ 11ರ ಸೆಟ್ ಅಂತ ಕೇಳಿ, ಇದು ಒಂದನೇ, ಅಂದ್ರೆ ತೀರ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. 12ರದ್ದು ಸದ್ದು ತುಂಬಿ ಬರುತ್ತೆ, ಆದ್ರೆ ಮೊದಲ ಆರು ತಿಂಗಳು ಬೇಡ.

ಶ್ರುತಿ

ತೆಳು ತಂತಿ ಒಂದನೇದು, ದಪ್ಪ ತಂತಿ ಆರನೇದು. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ. ಫೋನಲ್ಲಿ ಒಂದು ಟ್ಯೂನರ್ ಆ್ಯಪ್ ಹಾಕ್ಕೊಳ್ಳಿ, ಫ್ಯಾನು ಟಿವಿ ಸದ್ದಲ್ಲಿ ಅದು ತಡಬಡಾಯಿಸುತ್ತೆ ಅಂದ್ರೆ ಗಿಟಾರ್ ತಲೆಗೆ ಕಚ್ಚೋ ಕ್ಲಿಪ್ ಟ್ಯೂನರ್ ತಗೊಳ್ಳಿ. ಹೊಸಬರು ತಂತಿ ಹರ್ಕೊಳೋದು ಇಲ್ಲೇ. ಎರಡು ಇ ಇದೆಯಲ್ಲ, ದಪ್ಪದ್ದು 82 ಹರ್ಟ್ಸ್, ತೆಳುದು 330 ಹರ್ಟ್ಸ್, ಅಂದ್ರೆ ಎರಡು ಸ್ಥಾಯಿ ಮೇಲೆ. ಆ್ಯಪಲ್ಲಿ ಬರೀ 'ಇ' ಅಂತ ನೋಡಿ ಇನ್ನೂ ಹಸಿರು ಬರ್ಲಿಲ್ಲ ಅಂತ ಗಿಟಾರಿನ ಕಿವಿ (ತಂತಿ ಬಿಗಿ ಮಾಡೋ ಬಿರಡೆ) ತಿರುಗಿಸ್ತಾ ಹೋದ್ರೆ ಟಪ್ ಅಂತ ಮುಖಕ್ಕೆ ಹೊಡೆಯುತ್ತೆ. ಟೈಟ್ ಆಗ್ತಿದೆ ಅನ್ನಿಸಿದ ತಕ್ಷಣ ನಿಲ್ಲಿಸಿ, ಪೂರ್ತಿ ಸಡಿಲ ಮಾಡಿ ಕೆಳಗಿಂದ ಬನ್ನಿ. ಯಾವಾಗಲೂ ಕೆಳಗಿಂದ ಮೇಲಕ್ಕೆ ಏರಿಸ್ತಾ ಶ್ರುತಿ ಮಾಡಿ, ಜಾಸ್ತಿ ಆಗ್ಬಿಟ್ರೆ ಇಳಿಸಿ ಮತ್ತೆ ಏರಿಸಿ, ಹಾಗೆ ಮಾಡಿದ್ರೆ ತಂತಿ ನಿಲ್ಲುತ್ತೆ.

ಆ್ಯಪ್ ಇದ್ರೂ ವಾರಕ್ಕೊಂದ್ಸಲ ಕಿವೀಲೇ ಮಾಡಿ ನೋಡಿ. ಆರನೇ ತಂತಿ ಐದನೇ ಫ್ರೆಟ್ ಒತ್ತಿದ್ರೆ ಬರೋ ಸ್ವರವೇ ಐದನೇ ತಂತಿ, ಹೀಗೇ ಕೆಳಕ್ಕೆ ಬನ್ನಿ, ಮೂರನೇ ತಂತೀಲಿ ಮಾತ್ರ ನಾಲ್ಕನೇ ಫ್ರೆಟ್, ಆಮೇಲೆ ಮತ್ತೆ ಐದು. ತಂಬೂರಿ ಶ್ರುತಿ ಕೇಳಿ ಬೆಳೆದ ಮನೆಯೋರಿಗೆ ಇದು ಬೇಗ ಹಿಡಿಯುತ್ತೆ.

ಬಲಗೈ ನಿಲ್ಲಬಾರ್ದು

ಈಗ ವಿಷ್ಯಕ್ಕೆ ಬಂದ್ವಿ. ಮೊದಲ ವಾರ ಎಡಗೈಯಿಂದ ಕಾರ್ಡ್ ಹಿಡೀಲೇಬೇಡಿ. ಎಡ ಅಂಗೈಯನ್ನ ತಂತಿಗಳ ಮೇಲೆ ಸುಮ್ನೆ ಹಗುರಾಗಿ ಇಡಿ, ಒತ್ತೋದು ಬೇಡ, ಮೀಟಿದ್ರೆ ಚಕ್ ಚಕ್ ಅಂತ ಬರ್ಬೇಕು ಅಷ್ಟೇ. ಪಿಕ್, ಅಂದ್ರೆ ತಂತಿ ಮೀಟೋ ಪ್ಲಾಸ್ಟಿಕ್ ಚೂರು, ತೆಳುವಾಗಿರ್ಲಿ, ಅರ್ಧ ಮಿಲಿಮೀಟರ್ ಆಸುಪಾಸಿನದ್ದು. ಹೆಬ್ಬೆರಳು ತೋರುಬೆರಳ ನಡುವೆ ಹಿಡ್ಕೊಳ್ಳಿ, ತುದಿ ಸ್ವಲ್ಪ ಹೊರಗೆ ಕಂಡ್ರೆ ಸಾಕು.

ಈಗ ಬಾಯಲ್ಲಿ ಹೇಳಿ: ತ ಕ ಧಿ ಮಿ ತ ಕ ಜ ಣು. ಎಂಟು ಅಕ್ಷರ. ತ, ಧಿ, ತ, ಜ ಬಂದಾಗ ಕೈ ಕೆಳಕ್ಕೆ, ಕ, ಮಿ, ಕ, ಣು ಬಂದಾಗ ಕೈ ಮೇಲಕ್ಕೆ. ಇಷ್ಟೇ ನಿಯಮ, ಇದು ಎಂದಿಗೂ ಬದಲಾಗಲ್ಲ. ಎಲ್ಲ ಎಂಟನ್ನೂ ಹೊಡೀತಾ ಐದು ನಿಮಿಷ ಮಾಡಿ, ಮೆಟ್ರೋನೋಮ್ (ಲಯಕ್ಕೆ ಟಿಕ್ ಟಿಕ್ ಅನ್ನೋ ಆ್ಯಪ್) ನಿಮಿಷಕ್ಕೆ 60ಕ್ಕೆ ಇಟ್ಟು ಒಂದು ಕ್ಲಿಕ್ಕಿಗೆ ಎರಡಕ್ಷರ. ಅಭ್ಯಾಸ ಆದ್ಮೇಲೆ ಕೈ ಹಾಗೇ ಆಡ್ತಾ ಇರ್ಲಿ, ಆದ್ರೆ ಮೊದಲ 'ಕ' ಮತ್ತೆ ಎರಡನೇ 'ತ' ಬಂದಾಗ ತಂತಿಗೆ ತಾಗಿಸ್ಬೇಡಿ, ಕೈ ಗಾಳೀಲಿ ಹೋಗಿ ಬರ್ಲಿ. ಏನು ಉಳೀತು? ತ, ಧಿ ಮಿ, ಕ ಜ ಣು. ಅಂದ್ರೆ ಕೆಳಗೆ, ಕೆಳಗೆ ಮೇಲೆ, ಮೇಲೆ ಕೆಳಗೆ ಮೇಲೆ. ಯೂಟ್ಯೂಬಲ್ಲಿ ಎಲ್ಲರೂ "ಡೌನ್ ಡೌನ್ ಅಪ್ ಅಪ್ ಡೌನ್ ಅಪ್" ಅಂತ ಹೇಳ್ಕೊಡೋ ಆ ಫೇಮಸ್ ಪ್ಯಾಟರ್ನ್ ಇದೇ. ಅವರು ಹೇಳೋ ಥರ ಬಾಯಿಪಾಠ ಮಾಡಿದ್ರೆ ನಡುವೆ ಎರಡು ಅಪ್ ಬಂದಾಗ ಕೈ ತೊದಲುತ್ತೆ, ಯಾಕಂದ್ರೆ ಆ ಎರಡು ಅಪ್ ನಡುವೆ ಒಂದು ಖಾಲಿ ಡೌನ್ ಇದೆ ಅಂತ ಯಾರೂ ಬಾಯ್ಬಿಟ್ಟು ಹೇಳಲ್ಲ. ತಕಧಿಮಿ ಹೇಳ್ಕೊಂಡು ಮಾಡಿದ್ರೆ ಖಾಲಿ ಜಾಗ ತಾನಾಗೇ ಕೂತ್ಕೊಳುತ್ತೆ.

ಉತ್ತರ ಕರ್ನಾಟಕದ ಕಡೆ ರೊಟ್ಟಿ ಬಡಿಯೋರನ್ನ ನೋಡಿ, ಊರಿನ ಸುದ್ದಿ ಎಲ್ಲ ಮಾತಾಡ್ತಾ ಇರ್ತಾರೆ, ಕೈ ಮಾತ್ರ ಅದರ ಪಾಡಿಗೆ ಅದು ಲಯದಲ್ಲಿ ನಡೀತಾನೇ ಇರುತ್ತೆ. ಬಲಗೈ ಅಂದ್ರೆ ಹಾಗೆ ಇರ್ಬೇಕು. ಮಣಿಕಟ್ಟು ಸಡಿಲ, ಮೊಣಕೈ ಸ್ವಲ್ಪ ಮಾತ್ರ ಆಡ್ಲಿ. ಪರೀಕ್ಷೆ ಏನಪ್ಪ ಅಂದ್ರೆ, ಚಕ್ ಚಕ್ ಹೊಡೀತಾ ಮನೆಯವರ ಜೊತೆ ಮಾತಾಡೋಕೆ ಬರ್ಬೇಕು, "ಸಕ್ಕರೆ ಮುಗಿದಿದೆ ತರ್ತೀರಾ" ಅಂದ್ರೆ "ಆಯ್ತು ತರ್ತೀನಿ" ಅಂತ ಕೈ ನಿಲ್ಲಿಸದೆ ಹೇಳೋಕಾದ್ರೆ ಪಾಸ್. ಅದಾದ್ಮೇಲೆ ನಿಮಗಿಷ್ಟದ ಹಾಡು ಫೋನಲ್ಲಿ ಹಾಕ್ಕೊಂಡು ಅದರ ಜೊತೆ ಬರೀ ಚಕ್ ಚಕ್ ಹೊಡೀರಿ. ಕಾರ್ಡ್ ಒಂದೂ ಗೊತ್ತಿಲ್ದೆ ಆ ಹಾಡಿನ ಅರ್ಧ ಕೆಲಸ ಮುಗೀತು.

ಎಲ್ಲ ಹಾಡೂ ಎಂಟಲ್ಲಿ ಇರಲ್ಲ. ಭಾವಗೀತೆಗಳಲ್ಲಿ ಆರರ ನಡೆ ತುಂಬ, ತಬಲಾದೋರು ದಾದ್ರಾ ಅಂತಾರಲ್ಲ ಅದು. ತಕಿಟ ತಕಿಟ ಅಂತ ಹೇಳ್ಕೊಂಡು 'ತ'ಗೆ ದಪ್ಪ ತಂತಿ ಒಂದನ್ನ ಹೆಬ್ಬೆರಳಲ್ಲಿ ಮೀಟಿ, 'ಕಿಟ'ಗೆ ಕೆಳಗಿನ ಮೂರು ತೆಳು ತಂತೀನ ಹಗುರಾಗಿ ಸವರಿ, ಪಿಕ್ ಬೇಡ. ನಿಧಾನದ ಹಾಡಿಗೆ ಇದಕ್ಕಿಂತ ಚೆಂದದ್ದು ಇಲ್ಲ.

ಈಗ ಎಡಗೈ, ನಾಲ್ಕೇ ಕಾರ್ಡ್

ಕೂರೋದು ಹೇಗೆ ಅಂತ ಬೇಗ ಹೇಳ್ಬಿಡ್ತೀನಿ. ಕೈ ಇಲ್ಲದ ಕುರ್ಚಿ, ಗಿಟಾರ್ ಬಲತೊಡೆ ಮೇಲೆ, ಬೆನ್ನು ನೆಟ್ಟಗೆ. ಬೆರಳು ಕಾಣ್ಲಿ ಅಂತ ಗಿಟಾರನ್ನ ಆಕಾಶ ನೋಡೋ ಥರ ಮಲಗಿಸ್ಬೇಡಿ, ಮಣಿಕಟ್ಟು ಮುರಿದು ಬೀಳುತ್ತೆ. ಎಡಗೈ ಉಗುರು ಪೂರ್ತಿ ಕತ್ತರಿಸಿ, ಇದರಲ್ಲಿ ರಾಜಿ ಇಲ್ಲ.

ಬೆರಳನ್ನ ಫ್ರೆಟ್ಟಿನ ಲೋಹದ ಪಟ್ಟಿಗೆ ತಾಗೋ ಹಾಗೆ, ಆದ್ರೆ ಅದರ ಹಿಂದೆ, ಗಿಟಾರ್ ತಲೆ ಕಡೆ, ಇಡ್ಬೇಕು. ಎರಡು ಪಟ್ಟಿ ನಡುವೆ ಮಧ್ಯದಲ್ಲಿಟ್ರೆ ಎರಡರಷ್ಟು ಒತ್ಬೇಕಾಗುತ್ತೆ. ಎಷ್ಟು ಒತ್ಬೇಕು ಅಂತ ಗೊತ್ತಾಗೋಕೆ ಹೀಗೆ ಮಾಡಿ: ಬೆರಳು ಬರೀ ಮುಟ್ಟಿಸಿ ಮೀಟಿ, ಚಕ್ ಅನ್ನುತ್ತೆ, ಸ್ವಲ್ಪ ಸ್ವಲ್ಪವೇ ಒತ್ತಡ ಏರಿಸ್ತಾ ಮೀಟ್ತಾ ಹೋಗಿ, ಸ್ವರ ಶುದ್ಧವಾಗಿ ಬಂದ ಜಾಗದಲ್ಲಿ ನಿಲ್ಲಿಸಿ. ಅಷ್ಟೇ ಸಾಕು. ಬಹಳ ಜನ ಅದಕ್ಕಿಂತ ಎಷ್ಟೋ ಜಾಸ್ತಿ ಒತ್ತಿ ಸುಸ್ತಾಗ್ತಾರೆ.

ಪುಸ್ತಕಗಳು ಸಾಮಾನ್ಯವಾಗಿ ಸಿ, ಡಿ, ಇ ಅಂತ ವರ್ಣಮಾಲೆ ಥರ ಶುರು ಮಾಡ್ತವೆ. ನಾನು ಹೇಳೋ ನಾಲ್ಕಕ್ಕೆ ಒಂದು ಅನುಕೂಲ ಇದೆ, ಉಂಗುರದ ಬೆರಳು ಜಾಗ ಬಿಟ್ಟು ಕದಲೋದೇ ಇಲ್ಲ. ಮೊದಲು ಜಿ: ಉಂಗುರದ ಬೆರಳು ಎರಡನೇ ತಂತಿ ಮೂರನೇ ಫ್ರೆಟ್, ಕಿರುಬೆರಳು ಒಂದನೇ ತಂತಿ ಮೂರನೇ ಫ್ರೆಟ್, ಮಧ್ಯದ ಬೆರಳು ಆರನೇ ತಂತಿ ಮೂರನೇ ಫ್ರೆಟ್, ತೋರುಬೆರಳು ಐದನೇ ತಂತಿ ಎರಡನೇ ಫ್ರೆಟ್. ಆರೂ ತಂತಿ ಹೊಡೀರಿ. ಈಗ ಉಂಗುರ, ಕಿರು ಎರಡನ್ನೂ ಅಲ್ಲೇ ಬಿಟ್ಟು ಮಧ್ಯದ್ದು, ತೋರು ಎರಡೂ ಬೆರಳನ್ನ ಜೋಡಿಯಾಗಿ ಒಂದೊಂದು ತಂತಿ ಕೆಳಗೆ, ಅಂದ್ರೆ ತೆಳು ತಂತಿ ಕಡೆಗೆ ಸರಿಸಿ, ಆರನೇ ತಂತಿ ಬಿಟ್ಟು ಹೊಡೀರಿ, ಇದು ಸಿ ಆಡ್ 9, ಸಿ ಬದ್ಲು ಧಾರಾಳವಾಗಿ ನಡೆಯುತ್ತೆ. ಅಲ್ಲಿಂದ ಕಿರುಬೆರಳು ಎತ್ತಿ, ತೋರು ಮೂರನೇ ತಂತಿ ಎರಡನೇ ಫ್ರೆಟ್ಟಿಗೆ, ಮಧ್ಯದ್ದು ಒಂದನೇ ತಂತಿ ಎರಡನೇ ಫ್ರೆಟ್ಟಿಗೆ, ಕೆಳಗಿನ ನಾಲ್ಕು ತಂತಿ ಮಾತ್ರ ಹೊಡೆದ್ರೆ ಡಿ. ನಾಲ್ಕನೇದು ಇ ಮೈನರ್: ಉಂಗುರ, ಕಿರು ಜಿ ಥರಾನೇ ಇರ್ಲಿ, ತೋರು ಐದನೇ ತಂತಿ ಎರಡನೇ ಫ್ರೆಟ್, ಮಧ್ಯದ್ದು ನಾಲ್ಕನೇ ತಂತಿ ಎರಡನೇ ಫ್ರೆಟ್. ಪುಸ್ತಕದ ಲೆಕ್ಕದಲ್ಲಿ ಇದು ಇ ಮೈನರ್ 7, ಯಾರೂ ಕೇಳಲ್ಲ ಬಿಡಿ.

ಒಂದರಿಂದ ಇನ್ನೊಂದಕ್ಕೆ ಹೋಗೋದು ಪ್ರಾಕ್ಟೀಸ್ ಮಾಡ್ಬೇಕು, ಹಿಡಿದು ಕೂರೋದಲ್ಲ. ಫೋನಲ್ಲಿ ಒಂದು ನಿಮಿಷ ಟೈಮರ್ ಇಟ್ಟು ಜಿ ಇಂದ ಡಿ, ಡಿ ಇಂದ ಜಿ, ಎಷ್ಟು ಸಲ ಆಗುತ್ತೆ ಎಣಿಸಿ, ಜಸ್ಟಿನ್ ಸ್ಯಾಂಡರ್‌ಕೋ ಅನ್ನೋ ಆಸ್ಟ್ರೇಲಿಯಾದ ಮೇಷ್ಟ್ರು ತಮ್ಮ ಫ್ರೀ ಕೋರ್ಸಲ್ಲಿ ಇದನ್ನ ಹೇಳ್ಕೊಡ್ತಾರೆ, ಇಷ್ಟು ಸರಳವಾಗಿ ಕೆಲಸ ಮಾಡೋ ಎಕ್ಸರ್‌ಸೈಜ್ ನಾನು ಬೇರೆ ನೋಡಿಲ್ಲ. ನಿಮಿಷಕ್ಕೆ 30 ದಾಟಿದ್ರೆ ಹಾಡಿಗೆ ರೆಡಿ.

ಹಾಡಲ್ಲಿ ಬಂದಾಗ ನಿಯಮ ಒಂದೇ, ಎಡಗೈ ತಡವಾದ್ರೂ ಬಲಗೈ ಕಾಯಬಾರ್ದು. ಜಿ ಇಂದ ಡಿಗೆ ಹೋಗೋವಾಗ ಬೆರಳು ಇನ್ನೂ ಗಾಳೀಲಿದೆ ಅನ್ಕೊಳ್ಳಿ, ಖಾಲಿ ತಂತಿ ಹೊಡೀಲಿ, ಅರ್ಧ ಕಾರ್ಡ್ ಹೊಡೀಲಿ, ಚಕ್ ಅನ್ಲಿ, ಪರವಾಗಿಲ್ಲ, ಜಣು ಮುಗಿದು ಮುಂದಿನ 'ತ' ಬಂದಾಗ ಕೈ ಕೆಳಗಿರ್ಬೇಕು. ಕೇಳೋರಿಗೆ ತಪ್ಪು ಸ್ವರ ಒಂದು ಕ್ಷಣ ಕೇಳಿ ಹೋಗುತ್ತೆ, ಆದ್ರೆ ಲಯ ನಿಂತ್ರೆ ಹಾಡೇ ನಿಂತು ಹೋಗುತ್ತೆ, ಹಾಡ್ತಿರೋರು ನಿಮ್ಮ ಮುಖ ನೋಡ್ತಾರೆ. ಇಷ್ಟಕ್ಕೂ ಪಳಗಿದವರೂ ಜಣು ಹತ್ರ ಬೆರಳು ಎತ್ತಿ ಖಾಲಿ ತಂತಿ ಹೊಡೆದೇ ಕಾರ್ಡ್ ಬದಲಾಯಿಸೋದು, ಕಿವಿಗೊಟ್ಟು ಕೇಳಿ ನೋಡಿ.

ಕಾರ್ಡ್ಸ್ ಎಲ್ಲಿ ಸಿಗುತ್ತೆ?

ಕನ್ನಡ ಹಾಡುಗಳ ಕಾರ್ಡ್ಸ್ ನೆಟ್ಟಲ್ಲಿ ಹುಡುಕಿದ್ರೆ ಸಿಗುತ್ತೆ, ಅರ್ಧಕ್ಕರ್ಧ ತಪ್ಪಿರುತ್ತೆ, ಇನ್ನು ಹಳೇ ಹಾಡುಗಳಿಗೆ ಸಿಗೋದೇ ಕಷ್ಟ. ಅದಕ್ಕೆ ನೀವೇ ಹುಡುಕೋದು ಕಲೀರಿ, ಸರಿಗಮ ಗೊತ್ತಿದ್ರೆ ಇದು ಬ್ರಹ್ಮವಿದ್ಯೆ ಅಲ್ಲ. ಜಿ ಅನ್ನ ಸ ಅಂತ ಇಟ್ಕೊಂಡ್ರೆ ಸಿ ಅಂದ್ರೆ ಮ, ಡಿ ಅಂದ್ರೆ ಪ, ಇ ಅಂದ್ರೆ ದ. ಶಂಕರಾಭರಣ ರಾಗದ ಸ್ವರಗಳಲ್ಲಿ ಓಡೋ ಹಾಡಿಗೆ ಸ, ಮ, ಪ ಮೇಲೆ ಮೇಜರ್ ಕಾರ್ಡು, ದ ಮೇಲೆ ಮೈನರ್ ಕಾರ್ಡು. ಅಂದ್ರೆ ನಿಮ್ಮ ಹತ್ರ ಈಗಾಗ್ಲೇ ಇರೋ ನಾಲ್ಕು. ಹಾಡಿನ ಸಾಲು ಎಲ್ಲಿ ಬಂದು ನೆಮ್ಮದಿಯಾಗಿ ನಿಲ್ಲುತ್ತೋ ಅಲ್ಲಿ ಜಿ, ನಿಲ್ಲೋಕೆ ಸ್ವಲ್ಪ ಮುಂಚೆ ಎಳೆದ ಹಾಗೆ ಅನ್ಸೋ ಜಾಗದಲ್ಲಿ ಡಿ, ಬಾಕಿ ಕಡೆ ಸಿ ಮತ್ತೆ ಇ ಮೈನರ್ ಹಾಕಿ ನೋಡಿ. ಮೊದಲಿಂದ ಕೊನೇವರೆಗೂ ಶೋಕದ ಛಾಯೆ ಇರೋ ಹಾಡಾದ್ರೆ ಇ ಮೈನರನ್ನೇ ಮನೆ ಮಾಡ್ಕೊಂಡು ಶುರು ಮಾಡಿ. ಇನ್ನೊಂದು ಸೇರಿಸ್ಕೊಳ್ಳೋದಾದ್ರೆ ಎ ಮೈನರ್, ಅದು ರಿ ಮೇಲೆ ಬರೋದು.

ಗಾಢವಾಗಿ ರಾಗ ಇರೋ ಹಾಡಿಗೆ, ತೋಡಿ ಥರದ್ದಕ್ಕೆ, ಈ ಕಾರ್ಡ್ಸ್ ಹಾಕೋಕೆ ಹೋಗ್ಬೇಡಿ, ಹಾಡೂ ಕೆಡುತ್ತೆ ನಿಮ್ಮ ಮೂಡೂ ಕೆಡುತ್ತೆ.

ನಿಮ್ಮ ಗಂಟಲಿಗೆ ಜಿ ಹೊಂದಲ್ಲ ಅನ್ನೋದಾದ್ರೆ ಕೇಪೋ ಇದೆ, ಗಿಟಾರಿನ ಕುತ್ತಿಗೆಗೆ ಕಚ್ಚಿ ಶ್ರುತಿ ಏರಿಸೋ ಕ್ಲಿಪ್ಪು, ಕೆಲವು ನೂರು ರೂಪಾಯಿ, ಮೊದಲ ದಿನವೇ ತಗೊಳ್ಳಿ. ಶ್ರುತಿಯನ್ನ ಹಾರ್ಮೋನಿಯಂ ಮನೆ ಲೆಕ್ಕದಲ್ಲಿ ಹೇಳ್ತಾರಲ್ಲ, ಒಂದು ಫ್ರೆಟ್ ಅಂದ್ರೆ ಅರ್ಧ ಮನೆ ಅಂತ ಮೋಟಾಗಿ ಇಟ್ಕೊಳ್ಳಿ. ಕೇಪೋ ಇಲ್ದೆ ಜಿ ಹಿಡಿದ್ರೆ ಐದು ಮನೆ ಶ್ರುತಿ, ಒಂದನೇ ಫ್ರೆಟ್ಟಲ್ಲಿ ಕೇಪೋ ಹಾಕಿದ್ರೆ ಐದೂವರೆ, ಎರಡರಲ್ಲಿ ಆರು, ಮೂರರಲ್ಲಿ ಆರೂವರೆ, ನಾಲ್ಕರಲ್ಲಿ ಏಳು, ಐದರಲ್ಲಿ ಒಂದು ಮನೆ, ಅಂದ್ರೆ ಸಿ. ಮೋಟಾಗಿ ಅಂದಿದ್ದು ಯಾಕೆ ಅಂದ್ರೆ ಏಳರಿಂದ ಒಂದಕ್ಕೆ, ಮೂರರಿಂದ ನಾಲ್ಕಕ್ಕೆ ಒಂದೇ ಫ್ರೆಟ್, ಹಾರ್ಮೋನಿಯಂ ನೋಡಿದೋರಿಗೆ ಗೊತ್ತು, ಅಲ್ಲಿ ಕಪ್ಪು ಮನೆ ಇಲ್ಲ. ಮನೇಲಿ ಯಾರಾದ್ರೂ ಸಂಗೀತ ಕಲಿತೋರು ಇದ್ರೆ "ನಿಮ್ಮ ಶ್ರುತಿ ಎಷ್ಟು" ಅಂತ ಕೇಳಿ ಅದಕ್ಕೆ ಕೇಪೋ ಹಾಕಿ ಕೂತ್ಕೊಳ್ಳಿ, ಅವರಿಗೂ ಖುಷಿ. ಎರಡು ಮನೆ ಅಂದ್ರೆ ಮಾತ್ರ ಕೇಪೋ ತುಂಬ ಮೇಲೆ ಹೋಗುತ್ತೆ, ಆವಾಗ ಡಿ ಅನ್ನೇ ಸ ಮಾಡ್ಕೊಂಡು ಡಿ, ಜಿ, ಎ ಅಂತ ನುಡಿಸಿ.

ಸರಳೆ ವರಸೆ, ಹೌದು ಗಿಟಾರಲ್ಲೇ

ಬೆರಳು ಬಿಡಿಸ್ಕೊಳ್ಳೋಕೆ ಇಂಗ್ಲಿಷ್ ವಿಡಿಯೋಗಳಲ್ಲಿ 1-2-3-4 ಅಂತ ಒಂದು ಎಕ್ಸರ್‌ಸೈಜ್ ಮಾಡಿಸ್ತಾರೆ, ಕೇಳೋಕೆ ಪರಮ ಬೋರು. ಅದರ ಬದ್ಲು ಕರ್ನಾಟಕ ಸಂಗೀತದ ಮೊದಲ ಪಾಠ, ಸರಳೆ ವರಸೆ ನುಡಿಸಿ. ಸ ಐದನೇ ತಂತಿ ಮೂರನೇ ಫ್ರೆಟ್, ರಿ ಅದೇ ತಂತಿ ನಾಲ್ಕನೇ ಫ್ರೆಟ್, ಗ ನಾಲ್ಕನೇ ತಂತಿ ಎರಡು, ಮ ಅದೇ ತಂತಿ ಮೂರು, ಪ ಮೂರನೇ ತಂತಿ ಖಾಲಿ, ದ ಅದೇ ತಂತಿ ಒಂದು, ನಿ ಎರಡನೇ ತಂತಿ ಖಾಲಿ, ಮೇಲಿನ ಸ ಅದೇ ತಂತಿ ಒಂದು. ಒಂದನೇ ಫ್ರೆಟ್ಟಿಗೆ ತೋರುಬೆರಳು, ಎರಡಕ್ಕೆ ಮಧ್ಯದ್ದು, ಮೂರಕ್ಕೆ ಉಂಗುರ, ನಾಲ್ಕಕ್ಕೆ ಕಿರು. ಆಯ್ತು, ಮಾಯಾಮಾಳವಗೌಳ ರಾಗ. ನಾಲ್ಕೂ ಬೆರಳಿಗೆ ಕೆಲಸ ಸಿಕ್ತು, ಸೋಮಾರಿ ಕಿರುಬೆರಳಿಗೂ ಸೇರಿ. ಪಿಕ್ಕನ್ನ ಕೆಳಗೆ ಮೇಲೆ ಕೆಳಗೆ ಮೇಲೆ ಅಂತ ಬದಲಾಯಿಸ್ತಾ ಒಂದನೇ ಕಾಲ, ಎರಡನೇ ಕಾಲ (ಮೊದಲು ನಿಧಾನ, ಆಮೇಲೆ ಎರಡರಷ್ಟು ವೇಗ) ಮಾಡಿ, ಜಂಟಿ ವರಸೆಗೆ ಬಂದ್ರೆ ಪ್ರತಿ ಸ್ವರಕ್ಕೂ ಒಂದು ಡೌನು ಒಂದು ಅಪ್ಪು, ಇದಕ್ಕಿಂತ ಒಳ್ಳೇ ಪಿಕಿಂಗ್ ಎಕ್ಸರ್‌ಸೈಜ್ ಇನ್ನೇನು ಬೇಕು. ಸಾಕಾದಾಗ ಮೋಹನ ರಾಗ ಮಾಡ್ಕೊಳ್ಳಿ: ಐದನೇ ತಂತಿ ಮೂರು, ನಾಲ್ಕನೇ ತಂತಿ ಖಾಲಿ ಮತ್ತೆ ಎರಡು, ಮೂರನೇ ತಂತಿ ಖಾಲಿ ಮತ್ತೆ ಎರಡು, ಎರಡನೇ ತಂತಿ ಒಂದು. ಇದರಲ್ಲಿ ಏನು ನುಡಿಸಿದ್ರೂ ಹಾಡಿನ ಥರಾನೇ ಕೇಳುತ್ತೆ.

ಗಮಕ (ಸ್ವರವನ್ನ ತೂಗಿ ಜಾರಿಸೋದು) ಇಲ್ವಲ್ಲ ಅಂತ ಮನೆಯ ಹಿರಿಯರು ಮೂಗು ಮುರೀತಾರೆ, ಸರಿಯಾದ ಮಾತೇ. ಆದ್ರೆ ಫ್ರೆಟ್ ಇರೋ ಗಿಟಾರಲ್ಲೇ ತಂತಿ ಎಳೆದು ಜಾರಿಸಿ ಆರ್. ಪ್ರಸನ್ನ ಪೂರ್ತಿ ಕರ್ನಾಟಕ ಸಂಗೀತ ಕಛೇರಿ ಮಾಡ್ತಾರೆ, ಹಿಂದುಸ್ತಾನಿಯಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನ ಮಲಗಿಸಿ ಸ್ಲೈಡ್ ಹಾಕಿ ನುಡಿಸಿದ್ರು, ವಿಶ್ವಮೋಹನ ಭಟ್ಟರು ಗಿಟಾರಿಂದಲೇ ಮೋಹನ ವೀಣೆ ಅನ್ನೋ ವಾದ್ಯ ಮಾಡಿ 1994ರಲ್ಲಿ ಗ್ರ್ಯಾಮಿ ತಗೊಂಡ್ರು. ಕೇಳಿ, ಆದ್ರೆ ಮೊದಲ ವರ್ಷ ಟ್ರೈ ಮಾಡ್ಬೇಡಿ.

ನೋವು, ಎಫ್, ಮೇಷ್ಟ್ರು

ಬೆರಳ ತುದಿ ಮೊದಲ ಎರಡು ಮೂರು ವಾರ ಉರಿಯುತ್ತೆ, ಆಮೇಲೆ ಗಟ್ಟಿಯಾಗುತ್ತೆ. ಪಾತ್ರೆ ತೊಳೆದು, ಸ್ನಾನ ಮಾಡಿ ಬೆರಳು ನೆಂದಿರೋವಾಗ ತಕ್ಷಣ ಕೂರ್ಬೇಡಿ, ಚರ್ಮ ಸುಲಿಯುತ್ತೆ. ಗುಳ್ಳೆ ಬಂದ್ರೆ ಒಂದಿನ ಬಿಡಿ, ಬರೀ ಬಲಗೈ ಚಕ್ ಚಕ್ ಮಾಡಿ. ಆದ್ರೆ ಮಣಿಕಟ್ಟಲ್ಲೋ ಮುಂಗೈಯಲ್ಲೋ ಹೆಬ್ಬೆರಳ ಬುಡದಲ್ಲೋ ನೋವು ಬಂದ್ರೆ ಅದನ್ನ ಸಹಿಸ್ಕೊಂಡು ಮುಂದುವರಿಸೋದು ಶೌರ್ಯ ಅಲ್ಲ, ನಿಲ್ಲಿಸಿ, ಕೂರೋ ರೀತಿ ನೋಡ್ಕೊಳ್ಳಿ. ದಿನವಿಡೀ ಕೀಬೋರ್ಡ್ ಕುಟ್ಟೋ ಕೈ ಅದು.

ಎಫ್ ಅಂತ ಒಂದು ಕಾರ್ಡ್ ಇದೆ, ತೋರುಬೆರಳನ್ನ ಆರೂ ತಂತಿ ಮೇಲೆ ಅಡ್ಡ ಮಲಗಿಸ್ಬೇಕು. ಎಷ್ಟೋ ಜನರ ಗಿಟಾರ್ ಅಧ್ಯಾಯ ಅಲ್ಲಿಗೆ ಮುಕ್ತಾಯ. ಅವಸರ ಇಲ್ಲ. ಒಂದನೇ ಫ್ರೆಟ್ಟು ನಟ್ಟಿಗೆ ಅಂಟ್ಕೊಂಡಿರೋದ್ರಿಂದ ತಂತಿ ಅಲ್ಲಿ ತುಂಬ ಬಿಗಿ, ಹೀಗೆ ಅಡ್ಡ ಮಲಗಿಸಿ ಬಾರ್ ಹಿಡಿಯೋಕೆ ಇಡೀ ಗಿಟಾರಲ್ಲಿ ಅದೇ ಕಷ್ಟದ ಜಾಗ. ಐದನೇ ಫ್ರೆಟ್ಟಲ್ಲಿ ಅದೇ ಆಕಾರ ಹಿಡೀರಿ, ಅದು ಎ ಆಗುತ್ತೆ, ಅಲ್ಲಿ ಸದ್ದು ಬಂದ್ಮೇಲೆ ಒಂದೊಂದೇ ಫ್ರೆಟ್ ಹಿಂದಕ್ಕೆ ಬನ್ನಿ. ಬೆರಳ ಹೊಟ್ಟೆ ಬದ್ಲು ಹೆಬ್ಬೆರಳ ಕಡೆಯ ಅಂಚು ತಾಗ್ಲಿ, ಅಲ್ಲಿ ಮೂಳೆ ಗಟ್ಟಿ. ಅಲ್ಲೀವರೆಗೂ ಎಫ್ ಮೇಜರ್ 7 ಹಿಡೀರಿ, ನಾಲ್ಕನೇ ತಂತಿ ಮೂರು, ಮೂರನೇದು ಎರಡು, ಎರಡನೇದು ಒಂದು, ಒಂದನೇದು ಖಾಲಿ, ಯಾರಿಗೂ ಗೊತ್ತಾಗಲ್ಲ.

ಮೇಷ್ಟ್ರು ಬೇಕಾ? ವಿಡಿಯೋ ನೋಡಿ ಕಲೀಬಹುದು, ರಘು ದೀಕ್ಷಿತ್ ಅವರೇ ಮೈಸೂರಲ್ಲಿ ಓದ್ತಿರೋವಾಗ ಸ್ವಂತವಾಗಿ ಕಲಿತವರು. ಆದ್ರೂ ಮೊದಲ ತಿಂಗಳಲ್ಲಿ ಒಂದೆರಡು ಸಲ ಗೊತ್ತಿರೋರ ಮುಂದೆ ಕೂತು ಕೈ ತೋರಿಸಿ. ಬೆಂಗಳೂರಲ್ಲಿ ಏರಿಯಾಗೊಂದು ಕ್ಲಾಸ್ ಇದೆ. ಸಣ್ಣ ಊರಲ್ಲಿರೋರು ಗಣೇಶೋತ್ಸವಕ್ಕೆ ಬರೋ ಆರ್ಕೆಸ್ಟ್ರಾದ ಗಿಟಾರಿಸ್ಟನ್ನ, ಚರ್ಚಲ್ಲಿ ನುಡಿಸೋರನ್ನ ಕೇಳಿ, ನನ್ನ ಲೆಕ್ಕದಲ್ಲಿ ಅವರಷ್ಟು ಒಳ್ಳೇ ಮೇಷ್ಟ್ರು ಸಿಗಲ್ಲ, ಯಾವ ಹಾಡನ್ನ ಯಾವ ಶ್ರುತಿಗೆ ಕೇಳಿದ್ರೂ ನಿಂತ ನಿಲುವಲ್ಲಿ ನುಡಿಸೋ ಜನ, ಬಲಗೈ ಅಂದ್ರೆ ಏನು ಅಂತ ಅವರನ್ನ ನೋಡಿ ಕಲೀಬೇಕು.

ಪ್ರಾಕ್ಟೀಸಿಗೆ ಟೈಮ್ ಟೇಬಲ್ ಹಾಕೋಕೆ ಹೋಗ್ಬೇಡಿ, ಗಿಟಾರನ್ನ ಬ್ಯಾಗಿಂದ ಹೊರಗೆ ಸ್ಟ್ಯಾಂಡ್ ಮೇಲೆ ಇಡಿ ಸಾಕು. ಕುಕ್ಕರ್ ಮೂರು ವಿಷಲ್ ಆಗೋ ಹೊತ್ತಲ್ಲಿ ಜಿ-ಡಿ ಒಂದು ನಿಮಿಷ, ಮೀಟಿಂಗಿಗೆ ಎಲ್ಲರೂ ಸೇರೋವರೆಗೂ ಮ್ಯೂಟಲ್ಲಿ ಸರಳೆ, ರಾತ್ರಿ ಒಂದು ಹಾಡು ಪೂರ್ತಿ. ಭಾನುವಾರ ಮೂರು ಗಂಟೆ ಕೂರೋದಕ್ಕಿಂತ ಇದು ಎಷ್ಟೋ ವಾಸಿ. ರಾತ್ರಿ ಪಕ್ಕದ ಮನೆಯೋರ ಕಾಟ ಅಂದ್ರೆ ಬ್ರಿಡ್ಜ್ ಹತ್ರ ತಂತಿ ಕೆಳಗೆ ಕರ್ಚೀಫ್ ಸುತ್ತಿ ತುರುಕಿ, ಸದ್ದು ಅರ್ಧಕ್ಕೆ ಇಳಿಯುತ್ತೆ.

ತಂತಿ, ತೇವ

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಮಾತ್ರ ಸ್ಟ್ಯಾಂಡ್ ಮೇಲಿಡಿ ಅನ್ನೋ ನನ್ನ ಮಾತು ಕೇಳ್ಬೇಡಿ. ಜೂನಿಂದ ಸೆಪ್ಟೆಂಬರ್ ಗಿಟಾರ್ ಬ್ಯಾಗಲ್ಲೇ ಇರ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗೋಡೆಗೆ ಒರಗಿಸ್ಬೇಡಿ, ಬೂಷ್ಟು ಹಿಡಿಯುತ್ತೆ, ಮರ ಊದಿ ಆ್ಯಕ್ಷನ್ ಏರುತ್ತೆ. ಮಂಗಳೂರು, ಕಾರವಾರದ ಉಪ್ಪು ಗಾಳಿಗೆ ಸ್ಟೀಲ್ ತಂತಿ ಬೇಗ ತುಕ್ಕು, ನುಡಿಸಿ ಮುಗಿಸಿದ ಮೇಲೆ ಒಣ ಬಟ್ಟೇಲಿ ಒರೆಸಿ, ಕೋಟಿಂಗ್ ಇರೋ ತಂತಿ ಬೆಲೆ ಜಾಸ್ತಿ ಆದ್ರೂ ಅಲ್ಲಿಗೆ ಅದೇ ಲೆಕ್ಕಕ್ಕೆ ಸರಿ. ಬಯಲುಸೀಮೆಯವರು ಬೇಸಿಗೇಲಿ ಕಾರಲ್ಲಿ ಬಿಟ್ಟು ಹೋಗ್ಬೇಡಿ, ಅಂಟು ಬಿಡುತ್ತೆ.

ಮೂರು ತಿಂಗಳಿಗೊಮ್ಮೆ ತಂತಿ ಬದಲಾಯಿಸಿ, ಅಂಗಡಿಗೆ ಕೊಡ್ಬೇಡಿ, ನೀವೇ ಮಾಡಿ. ಆರನ್ನೂ ಒಟ್ಟಿಗೆ ಬಿಚ್ಚದೆ ಒಂದೊಂದೇ ಬದಲಾಯಿಸ್ತಾ ಹೋಗಿ. ಬ್ರಿಡ್ಜಿನ ಪಿನ್ ಬರ್ಲಿಲ್ಲ ಅಂದ್ರೆ ಕಟಿಂಗ್ ಪ್ಲೇಯರ್ ಹಾಕಿ ಎಳೀಬೇಡಿ, ಸೌಂಡ್ ಹೋಲ್ ಒಳಗೆ ಕೈ ಹಾಕಿ ಒಂದು ನಾಣ್ಯದಲ್ಲಿ ಕೆಳಗಿಂದ ಮೇಲಕ್ಕೆ ಒತ್ತಿ, ಬರುತ್ತೆ. ತಂತಿಯ ಗುಂಡು ತುದಿ ಒಳಗೆ ಬಿಟ್ಟು, ಪಿನ್ನಿನ ಗೀರು ತಂತಿ ಕಡೆ ಬರೋ ಹಾಗೆ ಕೂರಿಸಿ, ಒಮ್ಮೆ ಎಳೆದು ಗಟ್ಟಿ ಕೂತಿದ್ಯಾ ನೋಡಿ. ಮೇಲ್ಗಡೆ ಕಿವಿಗೆ ಎರಡು ಮೂರು ಸುತ್ತು ಬರೋ ಅಷ್ಟು ಸಡಿಲ ಬಿಟ್ಟು ಸುತ್ತಿ, ಶ್ರುತಿ ಮಾಡಿ, ತಂತಿ ನಡುವೆ ಬೆರಳು ಹಾಕಿ ಮೆಲ್ಲಗೆ ಮೇಲಕ್ಕೆಳೀರಿ, ಶ್ರುತಿ ಇಳಿಯುತ್ತೆ, ಮತ್ತೆ ಏರಿಸಿ, ಇಳಿಯೋದು ನಿಲ್ಲೋವರೆಗೂ ಹೀಗೇ. ಇದನ್ನ ಮಾಡ್ದೆ ಬಿಟ್ರೆ ಹೊಸ ತಂತಿ ಎರಡು ದಿನ ಶ್ರುತೀಲಿ ನಿಲ್ಲಲ್ಲ, ಅಂಗಡಿಯವನು ಡೂಪ್ಲಿಕೇಟ್ ಕೊಟ್ಟ ಅಂತ ಬೈಕೊಂಡು ಕೂರ್ತೀರಿ. ಕೊನೇಗೆ ಉಳಿದ ಬಾಲ ಕತ್ತರಿಸಿ, ಕತ್ತರಿಸಿದ ಚೂರುಗಳನ್ನೆಲ್ಲ ಎಣಿಸಿ ಪೇಪರಲ್ಲಿ ಸುತ್ತಿ ಬಿಸಾಕಿ, ಆರು ಇರ್ಬೇಕು, ಬರಿಗಾಲಲ್ಲಿ ಓಡಾಡೋ ಮನೇಲಿ ಒಂದು ಕಮ್ಮಿ ಆದ್ರೂ ಅದು ಯಾರ ಕಾಲಿಗಾದ್ರೂ ಚುಚ್ಚೇ ಚುಚ್ಚುತ್ತೆ.